58 ಕೆಜಿ ಅಪ್ಪ 85 ಕೆಜಿ ಆದ ಕಥೆ: ಬೈಪಾಸ್‌ಗೆ ಮುಂಚೆ ನಾವು ಕಂಡ ಅಂಕಿಗಳು

ಅಪ್ಪನಿಗೆ ಬೈಪಾಸ್ ಆಗಿ ಮೊನ್ನೆಗೆ ಆರು ವಾರ. ಈಗ ಮನೆ ಮುಂದಿನ ಕಟ್ಟೆ ಮೇಲೆ ಕೂತು, ಕಬ್ಬಿಗೆ ನೀರು ಬಿಡೋದು ತಡ ಆಯ್ತು ಅಂತ ತಮ್ಮನನ್ನು ಬೈಯುತ್ತಾರೆ. ನಮಗೆ ಅಷ್ಟು ಸಾಕು. ಬೆಳಗಾವಿಯ ಆಸ್ಪತ್ರೆಯಲ್ಲಿ ಕಳೆದ ಹತ್ತೊಂಬತ್ತು ದಿನದಲ್ಲಿ ನನ್ನ ತಲೆ ಕೆಡಿಸಿದ್ದು ಮೂರು ಅಂಕಿಗಳು: 159, 27, 3.6. ಇವು ಏನು ಅಂತ ಮೊದಲೇ ಗೊತ್ತಿದ್ದರೆ ಎರಡು ರಾತ್ರಿ ನಿದ್ದೆ ಉಳಿಯುತ್ತಿತ್ತು, ಸೋದರಮಾವನ ಜತೆ ಜಗಳವೂ ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಮುಧೋಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಆಸ್ಪತ್ರೆ ಹೆಸರು ಹಾಕಿಲ್ಲ. ಕೇಳಬೇಡಿ.

ಶುರುವಾಗಿದ್ದು ಒಂದು ಸೋಮವಾರ ರಾತ್ರಿ. ಊಟ ಆಗಿ ಒಂದು ತಾಸಿಗೆ ಅಪ್ಪ ಎದೆ ಮೇಲೆ ಕೈ ಇಟ್ಟುಕೊಂಡು "ಯಾಕೋ ಕಲ್ಲು ಇಟ್ಟಂಗ ಆಗೇತಿ" ಅಂದರು. ಗ್ಯಾಸ್ ಅಂತ ಅಮ್ಮ ಜೀರಿಗೆ ನೀರು ಕೊಟ್ಟಳು. ನಲವತ್ತು ನಿಮಿಷ ಅಲ್ಲೇ ಹೋಯ್ತು. ಆ ನಲವತ್ತು ನಿಮಿಷದ ಬಗ್ಗೆ ಅವಳು ಇವತ್ತಿಗೂ ಅಳುತ್ತಾಳೆ. ಅಪ್ಪನಿಗೆ 68 ವರ್ಷ, ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ, ಎರಡು ವರ್ಷದಿಂದ ಇನ್ಸುಲಿನ್. ಸಕ್ಕರೆ ಇದ್ದವರಿಗೆ ಎದೆ ನೋವು ಗಟ್ಟಿಯಾಗಿ ಬರದೇ ಹೀಗೆ ಭಾರ, ಬೆವರು, ಸುಸ್ತು ಅಂತ ಬರಬಹುದು. ಇದು ನಮಗೆ ಆಮೇಲೆ ತಿಳಿದದ್ದು.

ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತಕ್ಷಣ ತೆಗೆದರು. ಅಲ್ಲಿಯ ಡಾಕ್ಟರಿಗೆ ನಾವು ಋಣಿ. ನಮ್ಮ ಕಡೆಯವರೊಬ್ಬರು "ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆದಾಗ ಫ್ರೀ ಇಂಜೆಕ್ಷನ್ ಐತೆಲ್ಲ, ಅದನ್ಯಾಕ ಕೊಡವಲ್ರಿ?" ಅಂತ ಗಲಾಟೆಗೇ ನಿಂತರು. ಆ ಇಂಜೆಕ್ಷನ್ ಟೆನೆಕ್ಟೆಪ್ಲೇಸ್, ಹೆಪ್ಪುಗಟ್ಟಿದ ರಕ್ತ ಕರಗಿಸೋದು. ಅದು ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆ ಎದ್ದಿರುವ ಹಾರ್ಟ್ ಅಟ್ಯಾಕ್‌ಗೆ. ಅಪ್ಪನದು ಗೆರೆ ಕೆಳಗೆ ಇಳಿದಿತ್ತು, ಅದಕ್ಕೆ ಆ ಔಷಧಿ ಕೊಡೋದಿಲ್ಲ, ಕೊಟ್ಟರೆ ರಕ್ತಸ್ರಾವದ ಅಪಾಯ ಅಷ್ಟೇ. ಡಾಕ್ಟರು ಪಾಪ ರಾತ್ರಿ ಹನ್ನೊಂದೂವರೆಗೆ ಪೇಪರ್ ಮೇಲೆ ಗೆರೆ ಎಳೆದು ತೋರಿಸಿದರು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಕೊಟ್ಟು, ರೆಫರಲ್ ಚೀಟಿ ಬರೆದು ಬೆಳಗಾವಿಗೆ ಕಳಿಸಿದರು. ಈ ಕ್ಲೋಪಿಡೋಗ್ರೆಲ್ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ರೆಫರಲ್ ಚೀಟಿಯ ಫೋಟೋ ಅಲ್ಲೇ ತೆಗೆದುಕೊಳ್ಳಿ. ನಮ್ಮದು ಆಂಬ್ಯುಲೆನ್ಸ್ ಸೀಟಿನ ಸಂದಿಯಲ್ಲಿ ಸಿಕ್ಕಿತು, ಅದೂ ಮರುದಿನ.

ಲೋಕಾಪುರ, ಯರಗಟ್ಟಿ, ನೇಸರಗಿ ದಾಟಿ ಬೆಳಗಾವಿ ಮುಟ್ಟುವಾಗ ಬೆಳಗಿನ ಜಾವ ನಾಲ್ಕು. ಖಾಸಗಿ ಆಂಬ್ಯುಲೆನ್ಸ್‌ಗೆ ಏಳು ಸಾವಿರ. ತುರ್ತು ವಿಭಾಗದಲ್ಲಿ ರಕ್ತ ತೆಗೆದು ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರೋದು) ನೋಡಿದರು, ಜಾಸ್ತಿ ಬಂತು. ಸ್ವಲ್ಪ ಹೊತ್ತಿಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಇನ್ನೊಬ್ಬರಿಗೆ ಫೋನಲ್ಲಿ "ಗ್ರೇಸ್ 159 ಸರ್, ಇವತ್ತೇ ಆಂಜಿಯೋ ಮಾಡೋಣ" ಅಂದದ್ದು ಕಿವಿಗೆ ಬಿತ್ತು. ಮೊದಲನೇ ಅಂಕಿ ಅದು. 159 ಅಂದರೆ ಏನು, ನೂರಕ್ಕೆ ನೂರೈವತ್ತೊಂಬತ್ತಾ?

ಗ್ರೇಸ್ ಅಂದರೆ ಹಾರ್ಟ್ ಅಟ್ಯಾಕ್ ಆದವರಿಗೆ ಅಪಾಯ ಎಷ್ಟು ಅಂತ ನೋಡೋ ಸ್ಕೋರು. ಇದು ಪರ್ಸೆಂಟ್ ಅಲ್ಲ ಮಾರಾಯರೇ, ಮಾರ್ಕ್ಸ್ ಇದ್ದಂಗೆ. ಎಂಟು ವಿಷಯಕ್ಕೆ ಅಂಕ ಕೊಟ್ಟು ಕೂಡಿಸುತ್ತಾರೆ: ವಯಸ್ಸು, ನಾಡಿ, ಮೇಲಿನ ಬಿಪಿ, ಕ್ರಿಯಾಟಿನೈನ್ (ಕಿಡ್ನಿ ಹೇಗಿದೆ ಅಂತ ಹೇಳೋ ರಕ್ತದ ಟೆಸ್ಟ್), ಶ್ವಾಸಕೋಶದಲ್ಲಿ ನೀರು ತುಂಬಿದೆಯಾ, ಬರುವಾಗ ಹೃದಯ ನಿಂತಿತ್ತಾ, ಇಸಿಜಿಯಲ್ಲಿ ಎಸ್‌ಟಿ ಬದಲಾಗಿದೆಯಾ, ಟ್ರೋಪೋನಿನ್ ಏರಿದೆಯಾ. 140 ದಾಟಿದರೆ ಅಪಾಯ ಹೆಚ್ಚಿನ ಗುಂಪು, ಆಂಜಿಯೋಗ್ರಾಂ 24 ತಾಸಿನೊಳಗೆ ಆಗಬೇಕು ಅನ್ನುತ್ತಾರೆ. ಅಂದರೆ ಈ ಅಂಕಿಯ ಕೆಲಸ ಸರದಿ ನಿರ್ಧಾರ ಮಾಡೋದು, ಯಾರನ್ನು ಮೊದಲು ಒಳಗೆ ಕರೀಬೇಕು ಅಂತ. ಅಪ್ಪನನ್ನು ಮಂಗಳವಾರ ಮಧ್ಯಾಹ್ನವೇ ಒಳಗೆ ತಗೊಂಡರು. ಪಕ್ಕದ ಬೆಡ್ಡಿನ ಗೋಕಾಕದವರನ್ನು ಮರುದಿನ ಕರೆದರು. ಅವರ ಮಗ "ನಿಮಗ ವಶೀಲಿ ಐತೇನು?" ಅಂತ ಕೇಳಿದ. ವಶೀಲಿ ಅಲ್ಲ, 159.

ಆಂಜಿಯೋ ಕೈ ಮಣಿಕಟ್ಟಿನಿಂದ ಮಾಡಿದರು, ಅರ್ಧ ತಾಸು. ಹೊರಗೆ ಕರೆದು ಟಿವಿಯಲ್ಲಿ ತೋರಿಸಿದರು. ಕಪ್ಪು ಬೇರಿನ ಹಾಗೆ ರಕ್ತನಾಳ, ಅಲ್ಲಲ್ಲಿ ಇಲಿ ಕಡಿದಂತೆ ಸಣ್ಣಗಾಗಿದೆ. ಮೂರೂ ನಾಳದಲ್ಲಿ ಬ್ಲಾಕ್. "ಸಿಂಟ್ಯಾಕ್ಸ್ ಸ್ಕೋರ್ 27 ಬರುತ್ತೆ, ಡಯಾಬಿಟೀಸ್ ಬೇರೆ ಇದೆ, ಸರ್ಜನ್ ಜತೆ ಮಾತಾಡಿ ಹೇಳ್ತೇವೆ" ಅಂದರು. ಎರಡನೇ ಅಂಕಿ.

ನಾನು ಮಾಡಿದ ತಪ್ಪು ಏನಂದರೆ ಇದನ್ನು ಹಾಗೇ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದು. ಹತ್ತು ನಿಮಿಷಕ್ಕೆ ಸೋದರಮಾವನ ಫೋನ್. "ಇಪ್ಪತ್ತೇಳು ಪರ್ಸೆಂಟ್ ರಿಸ್ಕ್ ಅಂತಲ್ಲೋ, ನಾಲ್ಕರಾಗ ಒಂದು! ಬ್ಯಾಡ, ಮನಿಗೆ ಕರ್ಕೊಂಡ್ ಬಾ, ಆಯುರ್ವೇದ ನೋಡೂಣು." ಸಂಜೆಯೊಳಗೆ ಇಡೀ ಬಳಗಕ್ಕೆ ಅಪ್ಪನಿಗೆ 27 ಪರ್ಸೆಂಟ್ ಅಂತ ಹಬ್ಬಿತು. ರಾತ್ರಿ ಇಬ್ಬರು ದೊಡ್ಡಮ್ಮಂದಿರು "ಕೊನೇ ಸಲ ನೋಡಿ ಹೋಗ್ತೀವಿ" ಅಂತ ಬಸ್ಸು ಹತ್ತಿ ಬಂದೇಬಿಟ್ಟರು, ಬುತ್ತಿ ಸಮೇತ.

ಸಿಂಟ್ಯಾಕ್ಸ್ ಬರೀ ಆಂಜಿಯೋ ಚಿತ್ರದ ಸ್ಕೋರು. ಬ್ಲಾಕ್ ಎಲ್ಲಿದೆ, ಕವಲು ಒಡೆಯೋ ಜಾಗದಲ್ಲಿದೆಯಾ, ಪೂರ್ತಿ ಮುಚ್ಚಿದೆಯಾ, ಸುಣ್ಣಗಟ್ಟಿದೆಯಾ, ಹೀಗೆ ಒಂದೊಂದಕ್ಕೂ ಅಂಕ. 22ರವರೆಗೆ ಕಡಿಮೆ, 23ರಿಂದ 32 ಮಧ್ಯಮ, 33 ಮತ್ತು ಮೇಲೆ ಹೆಚ್ಚು ಜಟಿಲ. ರೋಗಿಗೆ ವಯಸ್ಸೆಷ್ಟು, ಕಿಡ್ನಿ ಹೇಗಿದೆ ಅನ್ನೋದು ಇದಕ್ಕೆ ಗೊತ್ತೇ ಇಲ್ಲ. ಒಂದೇ ಚಿತ್ರ ನೋಡಿ ಇಬ್ಬರು ಡಾಕ್ಟರು ಎರಡು ಮೂರು ಅಂಕ ಆಚೀಚೆ ಹಾಕೋದೂ ಉಂಟಂತೆ. ಇದೇ ಹೆಸರಿನ ಅಧ್ಯಯನ 2009ರಲ್ಲಿ ಪ್ರಕಟವಾಯ್ತು, 1,800 ರೋಗಿಗಳು, ಅರ್ಧ ಜನಕ್ಕೆ ಸ್ಟೆಂಟ್, ಅರ್ಧ ಜನಕ್ಕೆ ಬೈಪಾಸ್. ಸ್ಟೆಂಟ್ ಸಾಕಾ, ಎದೆ ತೆರೀಬೇಕಾ ಅಂತ ಯೋಚಿಸೋಕೆ ಈ ಅಂಕಿ. ಗೋಕಾಕದವರದು 11 ಬಂತು, ಎರಡು ಸ್ಟೆಂಟ್ ಹಾಕಿಸಿಕೊಂಡು ಶುಕ್ರವಾರ ಮನೆಗೆ ಹೋದರು. (ಸ್ಟೆಂಟ್‌ಗೆ 2017ರಿಂದ ಸರ್ಕಾರ ದರದ ಮಿತಿ ಹಾಕಿದೆ, ಬಿಲ್ಲಿನಲ್ಲಿ ಸ್ಟೆಂಟಿನ ದರ ಬೇರೆ ಬರೆದಿದೆಯಾ ನೋಡಿಕೊಳ್ಳಿ. ಅದರ ಸ್ಟಿಕರ್ ಕೂಡ ಕೇಳಿ ಇಟ್ಟುಕೊಳ್ಳಿ.)

ನನಗೂ ಸ್ಟೆಂಟೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಬುಧವಾರ ಸರ್ಜನ್ ಇಪ್ಪತ್ತು ನಿಮಿಷ ಕೂತು ಮಾತಾಡಿದರು. ಸಕ್ಕರೆ ಕಾಯಿಲೆ ಮತ್ತು ಒಂದಕ್ಕಿಂತ ಹೆಚ್ಚು ನಾಳದ ಬ್ಲಾಕ್ ಎರಡೂ ಇದ್ದ 1,900 ಜನರ ಮೇಲೆ ಮಾಡಿದ ಫ್ರೀಡಂ ಅನ್ನೋ ಅಧ್ಯಯನ 2012ರಲ್ಲಿ ಬಂದಿದೆ. ಐದು ವರ್ಷದಲ್ಲಿ ಸಾವು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಈ ಮೂರರಲ್ಲಿ ಒಂದಾದರೂ ಆದವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 26.6, ಬೈಪಾಸ್ ಗುಂಪಿನಲ್ಲಿ 18.7. ಪಾರ್ಶ್ವವಾಯು ಮಾತ್ರ ಬೈಪಾಸ್‌ನಲ್ಲಿ ಹೆಚ್ಚು, 5.2 ಮತ್ತು 2.4. ಎರಡೂ ಕಡೆಯ ಲೆಕ್ಕ ಅವರೇ ಹೇಳಿದರು, ಅದು ನನಗೆ ಹಿಡಿಸಿತು. ಒಪ್ಪಿದೆವು.

ಒಪ್ಪಿದರೆ ನಾಳೆಯೇ ಆಪರೇಷನ್ ಅಂದುಕೊಂಡಿದ್ದೆವು. ಇಲ್ಲ. ಮುಧೋಳದಲ್ಲಿ ನುಂಗಿದ ಕ್ಲೋಪಿಡೋಗ್ರೆಲ್ ರಕ್ತ ತೆಳ್ಳಗೆ ಮಾಡಿರುತ್ತೆ, ಅದರ ಪ್ರಭಾವ ಇಳಿಯೋಕೆ ಐದು ದಿನ ಬೇಕು. ಅಷ್ಟರೊಳಗೆ ಎಕೋ, ಕುತ್ತಿಗೆ ನಾಳದ ಡಾಪ್ಲರ್, ಹಲ್ಲಿನ ಡಾಕ್ಟರು, ಉಸಿರು ಊದೋ ಟೆಸ್ಟ್. ನಾಲ್ಕು ಯೂನಿಟ್ ರಕ್ತಕ್ಕೆ ಜನ ತನ್ನಿ ಅಂದರು. ನಾಲ್ವರು ಗೆಳೆಯರು ಮುಧೋಳದಿಂದ ಬೆಳಗಿನ ಬಸ್ಸಿಗೆ ಬಂದರು, ಒಬ್ಬನದು ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್.

ಕಾಗದದ ಕಥೆಯೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಇದ್ದವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆಪರೇಷನ್‌ಗೆ ಮುಂಚೆ ಮಂಜೂರಾತಿ ಬರಬೇಕು. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು 'ಅಪ್ಪ' ಅಂತ ಮುಗಿಯುತ್ತೆ, ಆಧಾರ್‌ನಲ್ಲಿ 'ರಾಜ' ಅಂತ. ಆರೋಗ್ಯ ಮಿತ್ರ ಕೌಂಟರಿನಲ್ಲಿದ್ದ ಹುಡುಗಿ ಎರಡು ದಿನ ಓಡಾಡಿ ಸರಿ ಮಾಡಿಸಿಕೊಟ್ಟಳು. ಮನೆಯಲ್ಲಿ ವಯಸ್ಸಾದವರಿದ್ದರೆ ಇವತ್ತೇ ಎರಡೂ ಕಾರ್ಡು ಪಕ್ಕ ಪಕ್ಕ ಇಟ್ಟು ನೋಡಿ. ಇಷ್ಟಾದರೂ ಲಾಡ್ಜು, ಊಟ, ಮಂಜೂರಾತಿಗೆ ಮುಂಚಿನ ಟೆಸ್ಟುಗಳು, ಓಡಾಟ ಸೇರಿ ನಮ್ಮ ಕೈಯಿಂದ 62 ಸಾವಿರ ಹೋಯ್ತು.

ಶುಕ್ರವಾರ ಸಂಜೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ ಕರೆದರು. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಜೂನಿಯರ್ ಡಾಕ್ಟರು "ಯೂರೋಸ್ಕೋರ್ 3.6 ಪರ್ಸೆಂಟ್" ಅಂತ ಹೇಳಿ ಪೆನ್ನು ಕೊಟ್ಟರು. ಮೂರನೇ ಅಂಕಿ. ಇದು ಮಾತ್ರ ನಿಜವಾದ ಪರ್ಸೆಂಟು. ಇಂಥ ನೂರು ರೋಗಿಗಳಿಗೆ ಈ ಆಪರೇಷನ್ ಮಾಡಿದರೆ ಆಸ್ಪತ್ರೆಯಿಂದ ಮನೆಗೆ ಹೋಗದೇ ತೀರಿಕೊಳ್ಳುವವರು ಎಷ್ಟು ಅನ್ನೋ ಅಂದಾಜು. ಈಗ ಬಳಸುವ ಯೂರೋಸ್ಕೋರ್-2 ಬಂದದ್ದು 2012ರಲ್ಲಿ, 43 ದೇಶಗಳ 154 ಆಸ್ಪತ್ರೆಗಳಲ್ಲಿ 2010ರಲ್ಲಿ ಆಪರೇಷನ್ ಆದ 22 ಸಾವಿರಕ್ಕೂ ಹೆಚ್ಚು ಜನರ ಲೆಕ್ಕದಿಂದ. ಹೆಚ್ಚಿನವರು ಯುರೋಪಿನವರು. ನಮ್ಮ ಕಡೆಯ ದೇಹಕ್ಕೆ ಅದು ಹಾಗೆಹಾಗೇ ಪೂರ್ತಿ ಹೊಂದುತ್ತೆ ಅಂತ ಹಿಡಿಯೋಕಾಗಲ್ಲ.

ಸಹಿ ಹಾಕೋಕೆ ಮುಂಚೆ ಆ ಹಾಳೆಯ ಫೋಟೋ ತಗೊಳ್ಳಲಾ ಅಂದೆ, ಬೇಡ ಅನ್ನಲಿಲ್ಲ. ಅಂಗಡಿಯಲ್ಲಿ ನನಗೊಂದು ಅಭ್ಯಾಸ. ಮಲ್ಟಿಮೀಟರ್ ಏನೇ ತೋರಿಸಲಿ, ಮೊದಲು ಪ್ರೋಬ್ ಸರಿಯಾಗಿ ಕೂತಿದೆಯಾ ನೋಡೋದು. ರಾತ್ರಿ ಒಂದೂವರೆಗೆ ವಾರ್ಡಿನ ಮೆಟ್ಟಿಲ ಮೇಲೆ ಕೂತು ಫೋಟೋ ಹಿಗ್ಗಿಸಿ ಒಂದೊಂದೇ ಸಾಲು ಓದಿದೆ. ವಯಸ್ಸು 68. ಗಂಡು. ಇನ್ಸುಲಿನ್, ಹೌದು. ಕ್ರಿಯಾಟಿನೈನ್ 1.5. ತೂಕ 85.

85? ಅಪ್ಪ ಹುಟ್ಟಿದಾಗಿನಿಂದ 60 ದಾಟಿದವರಲ್ಲ. ತುರ್ತು ವಿಭಾಗದಲ್ಲಿ ನನ್ನ ಮುಂದೆಯೇ ತೂಗಿ 58 ಅಂತ ಕೈಯಲ್ಲಿ ಬರೆದಿದ್ದರು. ಕಂಪ್ಯೂಟರಿಗೆ ಹಾಕುವಾಗ ತಿರುಗಿದೆ.

ತೂಕ ಯಾಕೆ ಬೇಕು ಅಂದರೆ, ಕಿಡ್ನಿ ಎಷ್ಟು ಸೋಸುತ್ತೆ ಅಂತ ಲೆಕ್ಕ ಹಾಕೋಕೆ. ಸೂತ್ರ ಹೀಗಿದೆ: 140ರಲ್ಲಿ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ, ಅದನ್ನು 72 ಗುಣಿಸು ಕ್ರಿಯಾಟಿನೈನ್‌ನಿಂದ ಭಾಗಿಸಿ. ಹೆಂಗಸರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. ಅಪ್ಪನಿಗೆ 68, 140ರಲ್ಲಿ ಕಳೆದರೆ 72. ಮೇಲೂ 72, ಕೆಳಗೂ 72, ಹೊಡೆದು ಹೋಯ್ತು. ಉಳಿದದ್ದು ತೂಕ ಭಾಗಿಸು 1.5. ಔಷಧಿ ಬಿಲ್ಲಿನ ಹಿಂದೆ ಬರೆದೆ. 85 ಆದರೆ 56.7. 58 ಆದರೆ 38.7. ಯೂರೋಸ್ಕೋರ್‌ನಲ್ಲಿ ಗೆರೆ ಇರೋದು 50ಕ್ಕೆ. 50ರಿಂದ 85 ಒಂದು ಗುಂಪು, 50 ಮತ್ತು ಕೆಳಗೆ ಇನ್ನೊಂದು. ಅಪ್ಪನನ್ನು ತಪ್ಪು ಗುಂಪಿನಲ್ಲಿ ಕೂರಿಸಿದ್ದರು. ಅದೇ ಸ್ಕೋರಿನ ಲೆಕ್ಕ ಹಾಕುವ ಪುಟ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿದೆ. ಉಳಿದದ್ದೆಲ್ಲ ಹಾಳೆಯಲ್ಲಿ ಇದ್ದ ಹಾಗೇ ತುಂಬಿ ಕಿಡ್ನಿ ಸಾಲು ಒಂದೇ ಬದಲಿಸಿದೆ. 3.6 ಇದ್ದದ್ದು 6.1 ಆಯ್ತು.

ಆ ಮೆಟ್ಟಿಲ ಮೇಲೆ ಕೈ ನಡುಗಿದ್ದು ಸುಳ್ಳಲ್ಲ. ಒಂದು ಕ್ಷಣ ಸೋದರಮಾವ ಹೇಳಿದ್ದೇ ಸರಿಯೇನೋ ಅನ್ನಿಸಿತು.

ಬೆಳಗ್ಗೆ ಜೂನಿಯರ್ ಡಾಕ್ಟರಿಗೆ ಹೇಳಿದರೆ ಮುಖ ಸಿಂಡರಿಸಿಕೊಂಡು "ಅದರಿಂದ ಡಿಸಿಷನ್ ಏನೂ ಚೇಂಜ್ ಆಗಲ್ಲ" ಅಂದರು. ನರ್ಸಮ್ಮ ಮಾತ್ರ ತಕ್ಷಣ ಫೈಲು ತೆಗೆದು, ಹೊಟ್ಟೆಗೆ ಕೊಡುತ್ತಿದ್ದ ರಕ್ತ ತೆಳ್ಳಗೆ ಮಾಡೋ ಇಂಜೆಕ್ಷನ್ ಯಾವ ತೂಕದ ಮೇಲೆ ಹೋಗುತ್ತಿದೆ ನೋಡಿದರು. ಪುಣ್ಯಕ್ಕೆ ಅದು ಕೈಬರಹದ 58ರ ಮೇಲೇ ಇತ್ತು. ಸರ್ಜನ್ ರೌಂಡ್ಸ್‌ಗೆ ಬಂದಾಗ ಬಿಲ್ಲಿನ ಹಿಂದಿನ ಲೆಕ್ಕ ತೋರಿಸಿದೆ. ಅವರು ಅದನ್ನು ಎರಡು ಸಲ ನೋಡಿ, ತಿದ್ದಿಸಿ, ಹೊಸ ಹಾಳೆ ತೆಗೆಸಿದರು. ಬೈಪಾಸೇ ಸರಿ ಅನ್ನೋದು ಬದಲಾಗಲಿಲ್ಲ, ಜೂನಿಯರ್ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಬೇರೆ ಮೂರು ಬದಲಾದವು. ಕಿಡ್ನಿ ಡಾಕ್ಟರನ್ನು ಕರೆಸಿದರು. ಆಂಜಿಯೋದಲ್ಲಿ ಹಾಕಿದ ಬಣ್ಣದ ದ್ರವದಿಂದ ಕ್ರಿಯಾಟಿನೈನ್ 1.7ಕ್ಕೆ ಏರಿತ್ತು, ಅದು ಇಳಿಯೋವರೆಗೆ ಕಾಯೋಣ ಅಂತ ಸೋಮವಾರದ ಆಪರೇಷನ್ ಬುಧವಾರಕ್ಕೆ ಹೋಯ್ತು. ಹೃದಯ ನಿಲ್ಲಿಸದೇ ಬಡಿಯುತ್ತಿರುವಾಗಲೇ ಮಾಡುವ ವಿಧಾನ ನೋಡುತ್ತೇನೆ ಅಂದರು.

ನಾನು "ಸರ್, 6 ಜಾಸ್ತಿ ಅಲ್ವಾ?" ಅಂದೆ. "94 ಜನ ಮನೆಗೆ ಹೋಗ್ತಾರೆ" ಅಂದರು. ಒಂದೇ ಲೆಕ್ಕ, ಆದರೂ ಹಾಗೆ ಕೇಳಿದಾಗ ಉಸಿರು ಸ್ವಲ್ಪ ಸಡಿಲ ಆಯ್ತು.

ಅಪ್ಪನಿಗೆ ಹೇಳಬೇಕಾ ಬೇಡವಾ ಅಂತ ಮನೆಯಲ್ಲಿ ದೊಡ್ಡ ಚರ್ಚೆ. ಎಲ್ಲರೂ ಬೇಡ ಅಂದರು. ನಾನು ಭಾನುವಾರ ಹೇಳಿಬಿಟ್ಟೆ, ಎದೆ ಅವರದು. ಕೇಳಿ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. ಆಮೇಲೆ "ಆ ಆರು ಮಂದ್ಯಾಗ ನಾ ಅದೀನೋ ಇಲ್ಲೋ, ಅದನ್ನ ಕೇಳು" ಅಂದರು. ಸರ್ಜನ್‌ಗೆ ಹಾಗೇ ಕೇಳಿದೆ. "ಅದು ಈ ಸ್ಕೋರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ" ಅಂದರು. ಅಪ್ಪನಿಗೆ ಆ ಉತ್ತರ ಹಿಡಿಸಿತು ಅಂತ ಕಾಣುತ್ತೆ, ಅವತ್ತು ರಾತ್ರಿ ಗೊರಕೆ ಹೊಡೆದರು.

ಇಲ್ಲಿ ಒಂದೆರಡು ಮಾತು, ನಿಮ್ಮ ಮನೆಯವರ ಸ್ಕೋರು ಹಾಕುವಾಗ ಉಪಯೋಗಕ್ಕೆ ಬರಬಹುದು. ಅಪ್ಪನ ಹುಟ್ಟಿದ ದಿನ ಜೂನ್ 1, ಅಂದರೆ ಶಾಲೆಗೆ ಸೇರಿಸುವಾಗ ಮಾಸ್ತರು ಬರೆದದ್ದು, ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ವಯಸ್ಸು ಒಂದು ವರ್ಷ ಆಚೀಚೆ ಆದರೆ ಯೂರೋಸ್ಕೋರ್ ಹೆಚ್ಚೇನೂ ಅಲ್ಲಾಡಲ್ಲ. 3.6 ಇದ್ದದ್ದು 3.7 ಆಗಬಹುದು, ಅಷ್ಟೇ. ಸಕ್ಕರೆ ಕಾಯಿಲೆ ಇನ್ಸುಲಿನ್ ತಗೊಂಡರೆ ಮಾತ್ರ ಲೆಕ್ಕಕ್ಕೆ, ಬರೀ ಮಾತ್ರೆ ಆದರೆ ಇಲ್ಲ. ಬೀಡಿ ಸೇದುವುದಕ್ಕೆ ಅಂತ ಬೇರೆ ಸಾಲಿಲ್ಲ, ಶ್ವಾಸಕೋಶಕ್ಕೆ ಕಾಯಂ ಔಷಧಿ ಇದ್ದರೆ ಸೇರುತ್ತೆ. ಹಾಗಂತ ಬೀಡಿ ಮುಚ್ಚಿಡಬೇಡಿ, ಅರಿವಳಿಕೆ ಡಾಕ್ಟರಿಗೆ ಅದು ಬೇಕೇ ಬೇಕು. ಅಪ್ಪ ಮೂರು ಸಲ "ಇಲ್ಲ" ಅಂದು ನಾಲ್ಕನೇ ಸಲ ಒಪ್ಪಿಕೊಂಡರು.

ಬುಧವಾರ ಬೆಳಗ್ಗೆ ಏಳಕ್ಕೆ ಒಳಗೆ, ಮಧ್ಯಾಹ್ನ ಒಂದೂವರೆಗೆ ಹೊರಗೆ. ಆ ಆರೂವರೆ ತಾಸಿನ ಬಗ್ಗೆ ಬರೆಯೋಕೆ ಏನೂ ಇಲ್ಲ, ಟೀ ಕುಡಿದೆವು. ಮೂರು ಗ್ರಾಫ್ಟ್ (ಬ್ಲಾಕ್ ದಾಟಿಸಿ ಜೋಡಿಸೋ ನಾಳ), ಒಂದು ಎದೆಯೊಳಗಿನ ನಾಳ, ಎರಡು ಕಾಲಿನಿಂದ ತೆಗೆದದ್ದು.

ಯೂರೋಸ್ಕೋರ್ ಹೇಳೋದು ಬದುಕು-ಸಾವು ಮಾತ್ರ, ಮಿಕ್ಕಿದ್ದು ನಮಗೆ ಯಾರೂ ಹೇಳಿರಲಿಲ್ಲ. ಎರಡನೇ ರಾತ್ರಿ ಐಸಿಯುನಲ್ಲಿ ಅಪ್ಪ ನನ್ನನ್ನು ಗುರುತಿಸಲಿಲ್ಲ, "ಎತ್ತು ಬಿಚ್ಚಿ ಕಟ್ಟು" ಅಂತ ನರ್ಸಿಗೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಎತ್ತು ಇಲ್ಲದೇ ಹದಿನೈದು ವರ್ಷ ಆಯ್ತು. ಇಂಥ ಗೊಂದಲ ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ ಬರುತ್ತೆ, ಹೋಗುತ್ತೆ. ಎರಡು ದಿನಕ್ಕೆ ಹೋಯ್ತು. ಮೂರನೇ ದಿನ ಹೃದಯದ ಲಯ ತಪ್ಪಿತು. ಅದೂ ಬೈಪಾಸ್ ಆದ ನೂರರಲ್ಲಿ 20ರಿಂದ 40 ಜನಕ್ಕೆ ಆಗೋದಂತೆ, ಔಷಧಿಗೆ ಸರಿ ಹೋಯ್ತು. ಕಾಲಿನ ಹೊಲಿಗೆ ಒಂದು ಕಡೆ ಕೀವಾಗಿ ಡಿಸ್ಚಾರ್ಜ್ ಮೂರು ದಿನ ಮುಂದೆ ಹೋಯ್ತು. ಅಮೆರಿಕದ ಸರ್ಜನ್‌ಗಳ ಸಂಘದ ಎಸ್‌ಟಿಎಸ್ ಸ್ಕೋರು ಸಾವಿನ ಜತೆಗೆ ಪಾರ್ಶ್ವವಾಯು, ಕಿಡ್ನಿ ಫೇಲ್, ವೆಂಟಿಲೇಟರ್ ಮೇಲೆ ಜಾಸ್ತಿ ಹೊತ್ತು ಇರೋದು, ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯೋದು ಇವುಗಳ ಅಂದಾಜನ್ನೂ ಬೇರೆ ಬೇರೆ ಕೊಡುತ್ತೆ. ನಾನು ಇನ್ನೊಮ್ಮೆ ಕೂತರೆ ಅದನ್ನೂ ಹಾಕಿ ತೋರಿಸಿ ಅಂತ ಕೇಳುತ್ತೇನೆ. ಕಡೇಪಕ್ಷ ಲಾಡ್ಜಿಗೆ ಎಷ್ಟು ದಿನದ ದುಡ್ಡು ಇಡಬೇಕು ಅಂತಾದರೂ ಅಂದಾಜು ಸಿಗುತ್ತಿತ್ತು.

ಮನೆಗೆ ಬಂದ ಮೇಲೆ ಮೂರು ಚೆಂಡಿನ ಉಸಿರಾಟದ ಆಟಿಕೆ, ಕೆಮ್ಮುವಾಗ ಎದೆಗೆ ಅವುಚಿಕೊಳ್ಳೋಕೆ ದಿಂಬು. ಸೋದರಮಾವ ಬಂದು ನೋಡಿ ಹೋದರು, 27ರ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊನ್ನೆ ಚೆಕಪ್‌ಗೆ ಬೆಳಗಾವಿಗೆ ಹೋಗಿದ್ದೆವು. ಕ್ರಿಯಾಟಿನೈನ್ 1.4. ತೂಕದ ಮಷೀನ್ ಮೇಲೆ ಅಪ್ಪ ಚಪ್ಪಲಿ ಬಿಟ್ಟು ನಿಂತರು, 54 ಬಂತು. ಸಿಸ್ಟರ್ ಬರೆದುಕೊಳ್ಳುವಾಗ ಕನ್ನಡಕ ಹಾಕಿಕೊಂಡು ಅವರ ಪುಸ್ತಕದೊಳಗೆ ಬಗ್ಗಿ ನೋಡಿ, "ಐದು ಮೊದಲ ಬರದೀರಿಲ್ಲೋ ನೋಡ್ರಿ" ಅಂದರು. ಅವರು ನಗುತ್ತಾ ಪುಸ್ತಕ ತಿರುಗಿಸಿ ತೋರಿಸಿದರು. ಮುಂದಿನ ಎಕೋ ಒಂದೂವರೆ ತಿಂಗಳಿಗೆ.